ಸಿಂಗಪುರದಲ್ಲಿ ಹದಿನಾಲ್ಕು ಗಂಟೆ

5 ಜನವರಿ 2004, ಸೋಮವಾರ

ಪೂಜೆ, ತಿಂಡಿ, ಬಿಪಿ ಮಾತ್ರೆ. ಹನ್ನೊಂದಕ್ಕೆ ಆಟೋ ಹಿಡಿದು ಚಾಮರಾಜಪೇಟೆಯಿಂದ ಶೇಷಾದ್ರಿಪುರಕ್ಕೆ. ಒಬ್ಬಳೇ. ಟ್ರಾವೆಲ್ಸಿನ ಮುರುಗೇಶ ಒಳ್ಳೆಯವನೇ. ಆದರೆ ಮಾತಾಡುವಾಗ ನನ್ನ ಬೆನ್ನ ಹಿಂದಿನ ಬಾಗಿಲು ನೋಡುತ್ತಾನೆ — ಯಾರಾದರೂ ಗಂಡಸರು ಬರುತ್ತಾರೇನೋ ಅಂತ.

“ಸಾರ್ ಬರ್ತಾರಾ ಅಮ್ಮ?”

“ಸಾರ್ ತೀರ್ಕೊಂಡು ಒಂದೂವರೆ ವರ್ಷ ಆಯ್ತು. ನಂಗೇ ಹೇಳಿ.”

ಹೇಳಿದ. ಆಕ್ಲೆಂಡಿಗೆ ನೇರ ವಿಮಾನ ಇಲ್ಲ. ಇಲ್ಲಿ ರಾತ್ರಿ ಹನ್ನೊಂದೂಕಾಲಕ್ಕೆ ಹತ್ತಿದರೆ ಬೆಳಿಗ್ಗೆ ಆರೂ ಹತ್ತಕ್ಕೆ ಸಿಂಗಪುರ. ಅಲ್ಲಿಂದ ಮುಂದಕ್ಕೆ ದಿನಕ್ಕೆ ಎರಡು. ಒಂದು ಏಳೂ ಐದಕ್ಕೆ — ಐವತ್ತೈದು ನಿಮಿಷದಲ್ಲಿ ಇಳಿದು ಹತ್ತಬೇಕು, ಆಕ್ಲೆಂಡ್ ಮುಟ್ಟುವುದು ರಾತ್ರಿ ಹತ್ತಕ್ಕೆ. ಇನ್ನೊಂದು ರಾತ್ರಿ ಎಂಟೂ ನಲವತ್ತಕ್ಕೆ — ಹದಿನಾಲ್ಕು ಗಂಟೆ ಕಾಯಬೇಕು, ಮುಟ್ಟುವುದು ಮರುದಿನ ಹಗಲು ಹನ್ನೊಂದೂ ನಲವತ್ತಕ್ಕೆ.

“ಎಲ್ರೂ ಮೊದಲನೇದೇ ತಗೊಳ್ಳೋದಮ್ಮ. ಎರಡನೇದು ಯಾರೂ ಕೇಳಲ್ಲ.”

“ನಾನು ಕೇಳ್ತಿದೀನಲ್ಲ.”

ಇವರು ಕಾಟನ್‌ಪೇಟೆ ಅಂಗಡಿಗೆ ಜವಳಿ ತರಲು ಸೊಲ್ಲಾಪುರಕ್ಕೆ ಹೋಗುತ್ತಿದ್ದ ಕಾಲದಲ್ಲಿ ಟೈಮ್‌ಟೇಬಲ್ ಹಿಡಿದು ರೈಲು ಗೊತ್ತು ಮಾಡುತ್ತಿದ್ದವಳು ನಾನು. ಮೂವತ್ತು ವರ್ಷ. ಗುಂತಕಲ್ಲಿನಲ್ಲಿ ರೈಲು ಬದಲಿಸಲು ಒಂದು ಗಂಟೆಗಿಂತ ಕಡಿಮೆ ಇದ್ದರೆ ಆ ರೈಲು ಇಲ್ಲವೆಂದೇ ಲೆಕ್ಕ. ಇನ್ನು ಊರು ಕೇರಿ ಗೊತ್ತಿಲ್ಲದ ಸಿಂಗಪುರದಲ್ಲಿ ಐವತ್ತೈದು ನಿಮಿಷ!

ಅಲ್ಲದೆ ಸ್ನಾನ. ಬೆಳಿಗ್ಗೆ ಮಿಂದು ಲಿಂಗಪೂಜೆ ಮಾಡದೆ ನೀರೂ ಮುಟ್ಟಿದವಳಲ್ಲ. ಆ ನಿಲ್ದಾಣದಲ್ಲಿ ದುಡ್ಡು ಕೊಟ್ಟರೆ ಸ್ನಾನಕ್ಕೆ ಬಿಡುತ್ತಾರಂತೆ. ಎರಡನೆಯದೇ ಬರೆಸಿ ಬಂದೆ.

9 ಜನವರಿ, ಶುಕ್ರವಾರ

ಮನೆಯಲ್ಲಿ ಹೇಳಿದೆ. ಮಗ ಮನೋಹರ ತಟ್ಟೆಯಿಂದ ಕೈ ಎತ್ತಿದ. ಸಂಜೆಯೊಳಗೆ ಮೈದುನ ಶಂಭುಲಿಂಗಪ್ಪ ಹಾಜರು. ಇವರು ಹೋದ ಮೇಲೆ ಅಂಗಡಿಯ ಜೊತೆಗೆ ನನಗೂ ತಾನೇ ಯಜಮಾನ ಅಂದುಕೊಂಡಿದ್ದಾನೆ.

“ಹದಿನಾಲ್ಕು ಗಂಟೆ ಅಲ್ಲಿ ಒಬ್ರೇ ಏನ್ಮಾಡ್ತೀರಿ ಅತ್ತಿಗೆ?”

“ಸ್ನಾನ ಮಾಡ್ತೀನಿ, ಪೂಜೆ ಮಾಡ್ತೀನಿ, ಊಟ ಮಾಡಿ ಮಲಗ್ತೀನಿ. ಇಲ್ಲೇನ್ಮಾಡ್ತೀನಿ ಮತ್ತೆ?”

ಅವನಿಗೆ ಚುಚ್ಚುತ್ತಿರುವುದು ಹದಿನಾಲ್ಕು ಗಂಟೆ ಅಲ್ಲ. ದಾಕ್ಷಿ. ನನ್ನ ತಂಗಿ ದಾಕ್ಷಾಯಣಿ. ಎಪ್ಪತ್ತೇಳರಲ್ಲಿ ತನ್ನ ಆಫೀಸಿನ ಮಂಗಳೂರು ಕ್ರಿಶ್ಚಿಯನ್ ಹುಡುಗ ಫೆಲಿಕ್ಸನನ್ನು ಮದುವೆಯಾಗಿ, ಯಾರಿಗೂ ಹೇಳದೆ ನ್ಯೂಜಿಲೆಂಡಿಗೆ ಹೊರಟುಹೋದಳು. ಇಪ್ಪತ್ತೇಳು ವರ್ಷ ಈ ಮನೆಯಲ್ಲಿ ನಾನಾಗಿ ಅವಳ ಹೆಸರು ಎತ್ತಿಲ್ಲ. ಹೋದ ದೀಪಾವಳಿಗೆ ಅವಳ ಮಗಳು ಮಾನ್ಯ ಎಲ್ಲಿಂದಲೋ ನಂಬರ್ ಹುಡುಕಿ ಫೋನ್ ಮಾಡಿದಳು. ಮುರುಕು ಕನ್ನಡದಲ್ಲಿ, “ದೊಡ್ಡಮ್ಮ, ನನ್ನ ಮದುವೆ. ನೀವು ಬರ್ಬೇಕು.” “ಬರ್ತೀನಿ” ಅಂದೆ.

ಶಂಭುಲಿಂಗಪ್ಪ ಹೋಗುವಾಗ ಹೊಸ್ತಿಲಲ್ಲಿ ನಿಂತು, “ಅಣ್ಣ ಇದ್ದಿದ್ರೆ ಕಳಿಸ್ತಿದ್ರಾ?” ಅಂದ. ಒಳಗೆ ಹೋಗಿ ಹಾಲಿಗೆ ಹೆಪ್ಪು ಹಾಕಿದೆ.

21 ಜನವರಿ, ಬುಧವಾರ

ವೀಸಾ ಬಂತು. ಈಗ ವೀಲ್‌ಚೇರ್ ರಗಳೆ.

ಎಲ್ಲರ ಮನೆಯಲ್ಲೂ ಹೀಗೇ ಅಂತೆ. ಅಮ್ಮಂದಿರಿಗೆ ಇಂಗ್ಲಿಷ್ ಬರುವುದಿಲ್ಲ, ದಾರಿ ಗೊತ್ತಾಗುವುದಿಲ್ಲ ಅಂತ ಟಿಕೆಟ್ಟಿನಲ್ಲೇ ವೀಲ್‌ಚೇರ್ ಬರೆಸಿಬಿಡುತ್ತಾರೆ. ತಳ್ಳುವವನು ಇಳಿದ ಬಾಗಿಲಿನಿಂದ ಹತ್ತುವ ಬಾಗಿಲಿಗೆ ಮುಟ್ಟಿಸುತ್ತಾನೆ. ಮನೋಹರ ನನ್ನನ್ನು ಕೇಳದೆಯೇ ಬರೆಸಿ ಬಂದಿದ್ದಾನೆ.

“ಅಮ್ಮ, ಸುಮ್ನೆ ಕೂತ್ಕೊಂಡಿದ್ರೆ ಸಾಕು. ಅವರೇ ಕರ್ಕೊಂಡು ಹೋಗ್ತಾರೆ.”

“ಕಾಲು ಮುರಿದಾಗ ಕೂತ್ಕೋತೀನಿ. ದಿನಾ ಗಾಂಧಿ ಬಜಾರಿಗೆ ನಡ್ಕೊಂಡು ಹೋಗಿ ಬರೋವಳು ನಾನು.”

ಮುರುಗೇಶನಿಗೆ ಫೋನ್ ಮಾಡಿ ತೆಗೆಸಿದೆ. ಸಂಜೆ ಅಪ್ಪ ಮಗನ ಹಾಗೆ ಚಿಕ್ಕಪ್ಪನೂ ಮನೋಹರನೂ ಅಂಗಳದಲ್ಲಿ ಗುಸುಗುಸು. ಆಡಲಿ.

3 ಫೆಬ್ರವರಿ, ಮಂಗಳವಾರ

ಇವತ್ತು ದಾಕ್ಷಿಯೇ ಫೋನ್ ಮಾಡಿದಳು. ಧ್ವನಿ ಅದೇ. ಮೂಗಿನಲ್ಲಿ ಸ್ವಲ್ಪ ಶೀತ ಇದ್ದ ಹಾಗೆ.

“ಎಷ್ಟೊತ್ತಿಗೆ ಇಳೀತೀಯ ಅಕ್ಕಾ?”

“ಇಪ್ಪತ್ತಾರು, ಗುರುವಾರ ಹಗಲು ಹನ್ನೊಂದೂ ನಲವತ್ತಕ್ಕೆ.”

“ನಾನೇ ಬರ್ತೀನಿ. ನನ್ನ ಮದುವೇಲಿ ನಮ್ಮ ಕಡೆಯವರು ಅಂತ ಒಂದು ನರಪಿಳ್ಳೆ ಇರ್ಲಿಲ್ಲ. ಆ ಶನಿವಾರ ಬೆಳಿಗ್ಗೆ ಹತ್ತಕ್ಕೆ ಮಾನ್ಯನ ಮದುವೆ. ನೀನು ಮುಂದಿನ ಸಾಲಲ್ಲಿ ಕೂತಿರ್ಬೇಕು.”

“ಕೂತಿರ್ತೀನಿ” ಅಂದೆ. ಫೋನ್ ಇಡಲು ಇಬ್ಬರಿಗೂ ಮನಸ್ಸು ಬರಲಿಲ್ಲ. ಐಎಸ್‌ಡಿ ಅವಳ ಖರ್ಚು.

ಬೇರೆ ಯಾವುದು ತಪ್ಪಿದರೂ ಆ ಮುಂದಿನ ಸಾಲು ತಪ್ಪಬಾರದು.

23 ಫೆಬ್ರವರಿ, ಸೋಮವಾರ

ನಾಳೆ ರಾತ್ರಿ ವಿಮಾನ. ನಾಳೆ ಮಂಗಳವಾರ. ಶಂಭುಲಿಂಗಪ್ಪ ಬೆಳಗಾಗುವ ಮೊದಲೇ ಪಂಚಾಂಗ ಹಿಡಿದು ಬಂದ. ಶರಣರು ಎಲ್ಲ ದಿನವೂ ಒಳ್ಳೆಯದೇ ಅಂದರು. ನನ್ನ ಮೈದುನ ಮಂಗಳವಾರ ಒಂದು ಬಿಟ್ಟು ಅನ್ನುತ್ತಾನೆ.

“ಮಂಗಳವಾರ ಹೊಸ್ತಿಲು ದಾಟಿ ದೂರ ಹೋಗ್ಬಾರ್ದು ಅತ್ತಿಗೆ. ಇವತ್ತೇ ಪ್ರಸ್ಥಾನ ಇಟ್ಬಿಡೋಣ.”

ಹಳೆಯ ಪದ್ಧತಿ. ಹೊರಡುವ ದಿನ ಸರಿಯಿಲ್ಲದಿದ್ದರೆ ಒಳ್ಳೆಯ ದಿನ, ಒಳ್ಳೆಯ ಗಳಿಗೆಯಲ್ಲಿ ಒಂದು ಗಂಟನ್ನು ಬೇರೆಯವರ ಮನೆಯಲ್ಲಿಟ್ಟು ಬರುವುದು. ಅಲ್ಲಿಗೆ ಪ್ರಯಾಣ ಶುರುವಾದಂತೆ. ಮಾರನೆಯ ದಿನ ಹೋಗುವ ದಾರಿಯಲ್ಲಿ ಎತ್ತಿಕೊಳ್ಳಬೇಕು. ವಾಪಸು ಮನೆಗೆ ತರುವಂತಿಲ್ಲ.

ಎರಡು ಸೀರೆ ಕಟ್ಟಿ ಕೊಟ್ಟೆ. ಆಗದಂತೆ.

“ಅದಿಲ್ದೆ ಪ್ರಯಾಣವೇ ಆಗಲ್ಲ ಅನ್ನೋ ಅಂಥದ್ದು ಇಡ್ಬೇಕು. ಸೀರೆ ಇಲ್ದಿದ್ರೂ ವಿಮಾನ ಹೊರಡುತ್ತೆ.”

ತಿಂಗಳೊಪ್ಪತ್ತು ಜಗಳವಾಡಿ ನನಗೂ ಸಾಕಾಗಿತ್ತು. ಇದೊಂದರಲ್ಲಿ ಗೆಲ್ಲಲಿ ಅಂತ ಪಾಸ್‌ಪೋರ್ಟೂ ಟಿಕೆಟ್ಟೂ ಇದ್ದ ಕೈಚೀಲವನ್ನೇ ಕೊಟ್ಟೆ. ಎದುರು ಮನೆ ಗಂಗರತ್ನಮ್ಮ ಅರಿಶಿನ ಕುಂಕುಮ ಹಚ್ಚಿ ದೇವರ ಗೂಡಿನಲ್ಲಿಟ್ಟರು. ರಿಟೈರ್ಡ್ ಮೇಡಮ್ಮು, ಒಂಟಿ ಜೀವ, ನಂಬಿಕಸ್ತೆ.

25 ಫೆಬ್ರವರಿ, ಬುಧವಾರ

ಬರೆಯುವುದಕ್ಕೂ ನಾಚಿಕೆ. ಹೋಗಲಿಲ್ಲ.

ನಿನ್ನೆ ಸಂಜೆ ಏಳಕ್ಕೆ ಟ್ಯಾಕ್ಸಿ ಬಂತು. ಸೂಟ್‌ಕೇಸ್ ಏರಿಸಿ ಚೀಲ ತರಲು ಎದುರು ಮನೆಗೆ ಹೋದರೆ — ಬೀಗ. ಕಬ್ಬಿಣದ ಗೇಟಿಗೊಂದು, ಬಾಗಿಲಿಗೊಂದು. ಮಧ್ಯಾಹ್ನ ತುಮಕೂರಿನಲ್ಲಿ ಅವರ ನಾದಿನಿ ತೀರಿಕೊಂಡ ಸುದ್ದಿ ಬಂದು, ಉಟ್ಟ ಸೀರೆಯಲ್ಲೇ ಬಸ್ಸು ಹತ್ತಿದ್ದಾರೆ. ನಾನು ಆಗ ನಿದ್ದೆಯಲ್ಲಿದ್ದೆ — ರಾತ್ರಿ ಎಚ್ಚರ ಇರಬೇಕಲ್ಲ ಅಂತ. ಅವರ ಹತ್ತಿರ ಮೊಬೈಲ್ ಇಲ್ಲ. ತುಮಕೂರಿನಲ್ಲಿ ಎಲ್ಲಿ ಅಂತ ಬೀದಿಯಲ್ಲಿ ಒಬ್ಬರಿಗೂ ಗೊತ್ತಿಲ್ಲ.

“ಬೀಗ ಒಡೀರಿ” ಅಂದೆ.

“ಸಾವಿನ ಮನೆಗೆ ಹೋದವರ ಬೀಗ ಒಡೀತಾರಾ ಅತ್ತಿಗೆ?”

“ನಾನು ಒಡೀತೀನಿ. ಸುತ್ತಿಗೆ ಕೊಡಿ.”

ಮನೋಹರ ನನ್ನ ಕೈ ಹಿಡಿದುಕೊಂಡ. ಕೀಲಿಯವನನ್ನು ಹುಡುಕಲು ಹೋಗಿ ಒಂಬತ್ತೂವರೆಗೆ ಬರಿಗೈಲಿ ಬಂದ. ಗಡ್ಡಕ್ಕೆ ಬೆಂಕಿ ಬಿದ್ದಾಗ ಬಾವಿ ತೋಡಿದರು. ಟ್ಯಾಕ್ಸಿಯವನು ಸೂಟ್‌ಕೇಸ್ ಇಳಿಸಿ ಹೋದ.

ಗಂಗರತ್ನಮ್ಮ ಇವತ್ತು ಬೆಳಿಗ್ಗೆ ಮೊದಲ ಬಸ್ಸಿಗೆ ಓಡಿ ಬಂದರು. “ಗಿರಿಜಮ್ಮ, ತುಮಕೂರು ಮುಟ್ಟಿದ್ಮೇಲೆ ನೆನಪಾಯ್ತು” ಅಂತ ಗೊಳೋ ಅಂದರು. ಅವರನ್ನು ಏನನ್ನಲಿ? ಚೀಲ ಕೊಟ್ಟವಳು ನಾನು. ಐವತ್ತೈದು ನಿಮಿಷ ನಂಬದವಳು ಪಂಚಾಂಗ ನಂಬಿದೆ.

ಮನೆಯಲ್ಲಿ ಈಗ ಒಂದೇ ಮಾತು — ಶಕುನ ಸರಿಯಿಲ್ಲ, ಕ್ಯಾನ್ಸಲ್ ಮಾಡು. “ಬೀಗ ಹಾಕಿದ್ದು ಗಂಗರತ್ನಮ್ಮ. ದೇವರಲ್ಲ” ಅಂದೆ. ಚೀಲ ಹೆಗಲಿಗೆ ಹಾಕಿಕೊಂಡು ಶೇಷಾದ್ರಿಪುರಕ್ಕೆ ಹೊರಟೆ.

ಇವತ್ತಿನದು ಭರ್ತಿ. ನಾಳೆ ಗುರುವಾರ ಒಂದು ಸೀಟಿದೆ. ಅದೇ ಹನ್ನೊಂದೂಕಾಲರ ವಿಮಾನ, ಶುಕ್ರವಾರ ಬೆಳಿಗ್ಗೆ ಸಿಂಗಪುರ. ಮುರುಗೇಶ ಪೆನ್ನು ಕೆಳಗಿಟ್ಟ.

“ಈಗ ಹದಿನಾಲ್ಕು ಗಂಟೆ ಕಾದ್ರೆ ಶನಿವಾರ ಹನ್ನೊಂದೂ ನಲವತ್ತಕ್ಕೆ ಇಳೀತೀರಿ. ಹತ್ತಕ್ಕೆ ಮದುವೆ ಮುಗ್ದಿರುತ್ತೆ. ಐವತ್ತೈದು ನಿಮಿಷದ್ದೇ ಗತಿ ಅಮ್ಮ. ಇಲ್ಲಿಂದ ಹೋಗೋದು ಲೇಟಾದ್ರೆ ಅದೂ ಇಲ್ಲ.”

“ಹಾಕಿ.”

“ವೀಲ್‌ಚೇರೂ ಹಾಕ್ಲಾ? ಅವರಾದ್ರೆ ಓಡಿಸ್ಕೊಂಡು ಹೋಗ್ತಾರೆ.”

ದಾಕ್ಷಿಗೋಸ್ಕರ ಅದಕ್ಕೂ ಹೂಂ ಅಂದೆ. ಸಿಟ್ಟು ಬಂತು, ಆದರೂ ಅಂದೆ.

27 ಫೆಬ್ರವರಿ, ಶುಕ್ರವಾರ. ವಿಮಾನದಲ್ಲಿ. ಗಡಿಯಾರ ಬದಲಾಯಿಸಿಲ್ಲ, ನಮ್ಮ ಗಂಟೆ ಏಳು

ಹತ್ತಿದ್ದೇನೆ! ಆಕ್ಲೆಂಡಿನ ವಿಮಾನದಲ್ಲೇ ಕೂತು ಬರೆಯುತ್ತಿದ್ದೇನೆ.

ಸಿಂಗಪುರದಲ್ಲಿ ಇಳಿದಾಗ ಆರೂ ಮೂವತ್ತೈದು. ಇಪ್ಪತ್ತೈದು ನಿಮಿಷ ಲೇಟು. ಬಾಗಿಲಲ್ಲಿ ವೀಲ್‌ಚೇರಿಗೆ ಕಾಯುತ್ತಾ ನಮ್ಮ ಬೆಂಗಳೂರಿನ ಅಮ್ಮಂದಿರೇ ಏಳು ಜನ! ಶಾಲು ಹೊದ್ದು, ಮಡಿಲಲ್ಲಿ ಚೀಲ ಇಟ್ಟುಕೊಂಡು, ಸಾಲಾಗಿ. ಒಬ್ಬರಿಗೂ ಕಾಲು ನೋವಿಲ್ಲ. ತಳ್ಳುವವರು ಇಬ್ಬರೇ. ನನ್ನ ಸರದಿ ಎಂಟನೆಯದು.

ಸೆರಗು ಸಿಕ್ಕಿಸಿ ಹೊರಟೆ. ಹಿಂದಿನಿಂದ ಯಾರೋ “ಮೇಡಮ್, ಮೇಡಮ್” ಅಂದರು. ತಿರುಗಲಿಲ್ಲ. ಹಲಗೆಯ ಮೇಲೆ ಅಕ್ಷರ, ಪಕ್ಕದಲ್ಲಿ ನಂಬರ್ — ಪ್ಲಾಟ್‌ಫಾರ್ಮ್ ಓದುವುದಕ್ಕಿಂತ ಕಷ್ಟವೇನಲ್ಲ. ತಾನೇ ಚಲಿಸುವ ನೆಲ ಸಿಕ್ಕಿತು, ಅದರ ಮೇಲೂ ಓಡಿದೆ. ಚಪ್ಪಲಿ ಜಾರಿತು, ಕಳಚಿ ಕೈಲಿ ಹಿಡಿದೆ. ಅರವತ್ತೆರಡು ವರ್ಷದ ಹೆಂಗಸು ಬರಿಗಾಲಲ್ಲಿ ಓಡುವುದನ್ನು ಬೇರೆ ಬೇರೆ ದೇಶದವರು ನಿಂತು ನೋಡಿದರು. ನೋಡಲಿ. ಗೇಟಿನ ಹುಡುಗಿ ಹಗ್ಗ ಕಟ್ಟುತ್ತಿದ್ದವಳು ನನ್ನನ್ನು ಕಂಡು ಬಿಚ್ಚಿದಳು.

ಸ್ನಾನ ಇಲ್ಲ. ಪೂಜೆ ಆಗಿಲ್ಲ. ಬಾಯಿ ಒಣಗಿ ಹೋಗಿದೆ. ತಿಂಡಿಯ ಗಾಡಿ ಬಂದು ಹೋಯಿತು, ಬೇಡ ಅಂದೆ. ಇನ್ನು ಏಳೂವರೆ ಗಂಟೆ ಹೀಗೇ ಇರುವುದಾ?

ಅದೇ ದಿನ, ನಮ್ಮ ಗಂಟೆ ಎಂಟು

ಪರಿಚಾರಿಕೆಯ ಹತ್ತಿರ ಕಾಗದದ ಲೋಟದಲ್ಲಿ ನೀರು ಕೇಳಿದೆ. ಮುಖ, ಕೈ ಒರೆಸಿಕೊಂಡೆ. ಹಣೆಗೆ ವಿಭೂತಿ. ಕೊರಳಿನ ಕರಡಿಗೆ ತೆಗೆದು ಲಿಂಗವನ್ನು ಎಡಗೈ ಮೇಲಿಟ್ಟುಕೊಂಡೆ. ಪಕ್ಕದ ಬಿಳಿಯ ಮುದುಕ ಪೇಪರ್ ಮಡಚಿ ಮೊಣಕೈ ಆಚೆ ಎಳೆದುಕೊಂಡ, ಜಾಗ ಬಿಟ್ಟ. ಏನೂ ಕೇಳಲಿಲ್ಲ.

ಮಿಂದು ಮಾಡಿದ ಪೂಜೆಯಷ್ಟೇ ಚೆನ್ನಾಗಿ ಆಯಿತು. ಇಷ್ಟಕ್ಕೆ ಹದಿನಾಲ್ಕು ಗಂಟೆ ಬೇಕು ಅಂತ ಮನೆಯವರೆಲ್ಲರ ಮೇಲೆ ಹರಿಹಾಯ್ದೆನಲ್ಲ ಅಂತ ನಗು ಬಂತು. ನೀರು ಕುಡಿದೆ. ಆಮೇಲೆ ಬನ್ನು, ಬೆಣ್ಣೆ, ಎರಡು ಕಾಫಿ.

28 ಫೆಬ್ರವರಿ, ಶನಿವಾರ. ಆಕ್ಲೆಂಡ್. ಬೆಳಿಗ್ಗೆ ಐದೂವರೆ, ಇಲ್ಲಿಯ ಗಂಟೆ

ನಿದ್ದೆ ಬರಲಿಲ್ಲ.

ರಾತ್ರಿ ನಿಲ್ದಾಣದಲ್ಲಿ ಗುರುತು ಸಿಗದೆ ದಾಕ್ಷಿಯನ್ನು ದಾಟಿಕೊಂಡು ಹೋಗಿಬಿಟ್ಟಿದ್ದೆ. ಕತ್ತರಿಸಿದ ಕೂದಲು, ಪೂರ್ತಿ ಬಿಳಿ. “ಅಕ್ಕಾ” ಅಂದಾಗ ತಿರುಗಿದೆ. ಇಬ್ಬರೂ ಅತ್ತೆವು. ಮನೆಗೆ ಬಂದ ಮೇಲೆ ಅನ್ನ, ಸಾರು, ಹಪ್ಪಳ. ಫೆಲಿಕ್ಸ್ ನನ್ನ ಸೂಟ್‌ಕೇಸ್ ಎತ್ತಿಕೊಂಡು ಬಂದ, ಒಳ್ಳೆಯ ಮನುಷ್ಯ. ಮಾನ್ಯ ಕಾಲು ಮುಟ್ಟಿ ನಮಸ್ಕರಿಸಿ ಮಲಗಲು ಹೋದಳು. ಆಮೇಲೆ ನಾವಿಬ್ಬರೇ.

ತಟ್ಟೆ ತೊಳೆಯುತ್ತಾ ದಾಕ್ಷಿ ಹೇಳಿದಳು, “ಭಾವನ ಮೇಲೆ ತುಂಬಾ ಕೋಪ ಇತ್ತು ಕಣಕ್ಕಾ. ನಾನು ಕಾಗದ ಬರೆದ್ರೆ ನೀನು ಒಂದೇ ಒಂದು ಕಾರ್ಡ್ ಹಾಕಿದ್ಯಲ್ಲ — ನಿಮ್ಮ ಭಾವನಿಗೆ ಇಷ್ಟ ಇಲ್ಲ, ಇನ್ಮೇಲೆ ಬರೀಬೇಡ ಅಂತ. ಅದನ್ನ ಎಷ್ಟು ವರ್ಷ ಇಟ್ಕೊಂಡಿದ್ದೆ ಗೊತ್ತಾ? ಅವರು ತೀರಿಹೋದ್ರು ಅಂತ ಮಾನ್ಯ ಹೇಳಿದ ದಿನ ಚರ್ಚಿಗೆ ಹೋಗಿ ಮೇಣದಬತ್ತಿ ಹಚ್ಚಿದೆ. ಕ್ಷಮಿಸ್ಬಿಟ್ಟೆ.”

ನಾನು ತಟ್ಟೆ ಒರೆಸುತ್ತಾ ನಿಂತಿದ್ದೆ.

ಇವರು ಬೇಡ ಅಂದಿರಲಿಲ್ಲ. ಒಂದು ದಿನವೂ ಅಂದಿರಲಿಲ್ಲ. ಅವಳ ಮೊದಲ ಕಾಗದ ಬಂದಾಗ ಇವರೇ ಹೇಳಿದ್ದು, “ಉತ್ತರ ಬರಿ ಗಿರಿಜಾ, ಪಾಪ, ಗೊತ್ತಿಲ್ಲದ ದೇಶ.” ಬರೆದೆ. ಇವರ ಹೆಸರು ಹಾಕಿ ಆ ಸುಳ್ಳು ಬರೆದೆ. ನನಗೊಂದು ಮಾತು ಹೇಳದೆ ಹೋದಳಲ್ಲ ಅನ್ನುವ ಸಿಟ್ಟು ನನ್ನದು. ಆಮೇಲೆ ಬಂದ ಆರು ಕಾಗದವನ್ನೂ ಒಲೆಗೆ ಹಾಕಿದವಳು ನಾನು. ಇವರು ಕೇಳಿದಾಗಲೆಲ್ಲ, “ಅವಳು ಬರೆಯೋದೇ ಬಿಟ್ಲು” ಅಂದೆ. ನಂಬಿಕೊಂಡೇ ಹೋದರು. ಏನೂ ಮಾಡದ ಮನುಷ್ಯನನ್ನು ಅವಳು ಕ್ಷಮಿಸಿದ್ದಾಳೆ.

ಹತ್ತಕ್ಕೆ ಮದುವೆ. ಮುಂದಿನ ಸಾಲಿನಲ್ಲಿ ನನಗೆ ಕುರ್ಚಿ ಇಟ್ಟಿದ್ದಾರೆ. ಹೇಳದೆ ಅಲ್ಲಿ ಕೂರುವುದಿಲ್ಲ. ಹೇಳಿದ ಮೇಲೆ ಕೂರಬೇಡ ಅಂದರೆ ಹಿಂದೆ ನಿಲ್ಲುತ್ತೇನೆ. ಹೊರಗೆ ಹೋಗು ಅಂದರೆ ಹೊರಗೆ. ಆದರೆ ಹೇಳುತ್ತೇನೆ. ಮದುವೆ ಮುಗಿಯಲಿ, ನಾಳೆ ಹೇಳು ಅನ್ನುತ್ತಿದೆ ಮನಸ್ಸು. ಇಪ್ಪತ್ತೇಳು ವರ್ಷ ಅದರ ಮಾತೇ ಕೇಳಿದ್ದಾಯಿತು.

ಅಡಿಗೆಮನೆಯಲ್ಲಿ ದೀಪ ಹತ್ತಿತು. ಕಾಫಿಗೆ ನೀರಿಡುತ್ತಿದ್ದಾಳೆ. ಮಾನ್ಯ ಇನ್ನೂ ಎದ್ದಿಲ್ಲ. ಈಗಲೇ. ಹೋಗಿ ಅವಳ ಎದುರಿಗೆ ನಿಂತು, ದಾಕ್ಷೀ, ಆ ಕಾರ್ಡಿನಲ್ಲಿ ಇದ್ದದ್ದು ಭಾವನ ಮಾತಲ್ಲ, ನನ್ನದು ಅನ್ನುತ್ತೇನೆ.