ರಸ ಹಾಕದ ಹರಳು

ಕೆರೂರ
೯ ಜನವರಿ ೨೦೨೫

ಪ್ರೀತಿಯ ಅಪ್ಪಾ,

ನಿನ್ನ ಮೊಣಕಾಲು ನೋವು ಹೇಗಿದೆ? ಹುನಗುಂದದ ಕಡೆ ಚಳಿ ಜೋರಂತೆ. ಕಂಬಳಿ ಎರಡೂ ಒಯ್ದಿದ್ದೀಯಲ್ಲ? ಮರಿಗಳು ಚೆನ್ನಾಗಿವೆಯೇ? ಅವ್ವ ಆರಾಮ ಇದ್ದಾಳೆ, ನೀನಿಲ್ಲದೆ ರೊಟ್ಟಿ ಉಳಿಯುತ್ತದೆ ಎಂದು ದಿನಾ ಗೊಣಗುತ್ತಾಳೆ. ಫೋನ್ ಮಾಡಲು ಮೂರು ಸಲ ಕೈಗೆತ್ತಿಕೊಂಡೆ. ನಿನ್ನ ದನಿ ಕೇಳಿದರೆ ಇದನ್ನು ಹೇಳಲು ಬಾಯಿ ಬರುವುದಿಲ್ಲ ಎನಿಸಿ ಇಟ್ಟುಬಿಟ್ಟೆ. ಕುರಿ ಕಾಯಲು ನಿನ್ನ ಜೊತೆ ಹೋಗಿರುವ ತಮ್ಮ ಬೀರೇಶ ಈ ಕಾಗದ ಓದಿ ಹೇಳಲಿ.

ಹೋದ ವರ್ಷ ನಾನು ಬಾಗಲಕೋಟೆಯ ಪ್ರಯೋಗಾಲಯದಿಂದ ಓಡಿಬಂದು ನಿನಗೆ ಹೇಳಿದ್ದು ನೆನಪಿದೆಯಲ್ಲ? ಹಾವಿನ ವಿಷದಲ್ಲಿ ಒಂದು ಪ್ರೋಟೀನು, ದಾರದುಂಡೆಯಂತೆ ಸುತ್ತಿಕೊಂಡಿರುತ್ತದೆ, ಅದರಲ್ಲೊಂದು ಕುಳಿ. ಆ ಕುಳಿಗೆ ಸರಿಯಾಗಿ ಕೂರುವ ಕಣ ಸಿಕ್ಕರೆ ಅದರ ಕೆಲಸ ನಿಲ್ಲುತ್ತದೆ. ಕುರಿಗೆ ಹಾವು ಕಚ್ಚಿದಾಗ ನೀನು ಅರೆದು ಹಚ್ಚುವ ಸೊಪ್ಪಿನ ಕಣವೇ ಅಲ್ಲಿ ಕೂತಿದೆ ಎಂದೆ. "ಖರೇನ ಏನವ್ವಾ? ನಮ್ಮಪ್ಪ ಹೇಳಿದ್ದು ಸುಳ್ಳಲ್ಲ ಹಂಗಾರ!" ಎಂದು ತಲೆಯ ಪಟಕಾ ಸರಿಮಾಡಿಕೊಂಡು ನೀನು ಓಣಿಗೆಲ್ಲ ಹೇಳಿ ಬಂದೆ. ನನ್ನ ಲೇಖನವೂ ಅಚ್ಚಾಯಿತು.

ಅದು ಸೊಪ್ಪಿನ ಕಣವಲ್ಲ, ಅಪ್ಪಾ. ಆ ಪ್ರೋಟೀನಿನ ಹರಳಿಗೆ ಕ್ಷಕಿರಣ ಹಾಯಿಸಿದಾಗ ಕುಳಿಯಲ್ಲಿ ಕಾಣುವುದು ಬರೀ ಮಸುಕು ಮೋಡ. ಅದು ಯಾವುದರದ್ದೆಂದು ನಾವೇ ಹೊಂದಿಸಿ ನೋಡಬೇಕು. ನಾನು ತಪ್ಪು ಹೊಂದಿಸಿದೆ. ಪ್ರೋಟೀನು ಹರಳುಗಟ್ಟಲಿ ಎಂದು ನಾವೇ ಬೆರೆಸಿದ್ದ ದ್ರಾವಣದ ಚೂರು ಅದು. ನನ್ನ ಕೈಕೆಳಗೆ ಕಲಿಯುವ ಪ್ರಬುದ್ಧ ಬಂದು, "ಮೇಡಂ, ಸೊಪ್ಪಿನ ರಸ ಹಾಕದ ಹರಳಿನ್ಯಾಗೂ ಇದ ಕಾಣಾಕತ್ತೈತ್ರಿ" ಎಂದ.

ಅಷ್ಟರಲ್ಲಿ ಆಗಬಾರದ್ದು ಆಗಿತ್ತು. ನಮ್ಮ ಓಣಿಯ ರಂಗವ್ವ ಅತ್ತೆಗೆ ಜೋಳದ ಹೊಲದಲ್ಲಿ ಹಾವು ಕಚ್ಚಿತು. "ಮಲಕಪ್ಪನ ಮಗಳು ಮಷಿನ್ಯಾಗ ನೋಡಿ ಹೇಳ್ಯಾಳ" ಎಂದು ಮನೆಯವರು ಮಧ್ಯಾಹ್ನದವರೆಗೂ ಸೊಪ್ಪು ಹಚ್ಚುತ್ತ ಕೂತರು. ದವಾಖಾನೆ ಮುಟ್ಟುವಾಗ ತಡವಾಗಿತ್ತು. ಜೀವ ಉಳಿಯಿತು, ಬಲಗೈಯ ಮೂರು ಬೆರಳು ಹೋದವು. ಉಣ್ಣೆ ನೂಲುವ ಕೈ ಅದು. ನೋಡಲು ಹೋದರೆ ಎಡಗೈಯಿಂದ ನನ್ನ ಕೈ ಹಿಡಿದು, "ಸೊಪ್ಪು ತಡಾ ಹಚ್ಚಿದ್ರು ನೋಡವ್ವಾ, ಇಲ್ಲಾಂದ್ರ ಬೆರಳು ಉಳೀತಿದ್ವು" ಎಂದಳು. ತಲೆತಗ್ಗಿಸಿ ಎದ್ದು ಬಂದೆ. ಮೂರನೆಯ ದಿನ ಹೋಗಿ ನಿಜ ಹೇಳಿದೆ. ಆಕೆ ಗೋಡೆಯ ಕಡೆ ಹೊರಳಿದಳು.

ಲೇಖನವನ್ನು ಹಿಂತೆಗೆದುಕೊಳ್ಳುತ್ತೇನೆ ಎಂದು ಬರೆದು ಕಳಿಸಿದ್ದೇನೆ. ಅಲ್ಲಿ ಯಾರಿಗೇ ಹಾವು ಕಚ್ಚಲಿ, ಸೊಪ್ಪು ಹುಡುಕಬೇಡಿ, ಸೀದಾ ದವಾಖಾನೆಗೆ ಒಯ್ಯಿರಿ. ಕುರಿಗಾರರಿಗೆಲ್ಲ ಇದನ್ನು ನೀನೇ ಹೇಳಬೇಕು. ನಿನ್ನ ಮಾತಿಗಿದ್ದ ಬೆಲೆಯನ್ನು ನಾನು ಕೆಡಿಸಿದೆ.

ಬೀರಪ್ಪ ದೇವರು ನಿನ್ನನ್ನೂ ಹಿಂಡನ್ನೂ ಕಾಯಲಿ. ಬೀರೇಶನಿಗೆ ನನ್ನ ಅಕ್ಕರೆ.

ನಿನ್ನ ಮಗಳು,
ಸುರೇಖಾ

ತಾ.ಕ.: ತಪ್ಪು ಹೊಂದಿಸಿದೆ ಎಂದು ಮೇಲೆ ಬರೆದೆ. ಅದು ಪೂರ್ತಿ ನಿಜವಲ್ಲ. ರಸ ಹಾಕದ ಹರಳಿನ ಚಿತ್ರವನ್ನು ಪ್ರಬುದ್ಧನಿಗಿಂತ ಮೊದಲು ನಾನೇ ನೋಡಿ ಮುಚ್ಚಿಟ್ಟಿದ್ದೆ. ನಿನಗೆ ಹೇಳಲು ಓಡಿಬಂದೆನಲ್ಲ, ಅದರ ಹಿಂದಿನ ದಿನವೇ, ಅಪ್ಪಾ.