ಸಂಗಾತಿಗೆ ಏನು ಬೇಕು

ಜೂನ್ ೧೪, ಮಂಗಳವಾರ

ಇಲಿ ಎಂಬ ಒಂದೇ ಕಾರಣಕ್ಕೆ ಒಂದು ಜೀವವನ್ನು ಬಾಗಿಲಿನಿಂದಲೇ ವಾಪಸು ಕಳಿಸುವುದು ಅನ್ಯಾಯ. ನಮ್ಮ ಬೀದಿಯ ಪಶುವೈದ್ಯ ಇವತ್ತು ಮಾಡಿದ್ದು ಅದನ್ನೇ. "ಇಲಿಗೆ ಎಲ್ರೂ ಪಾಷಾಣ ಕೇಳ್ತಾರೆ, ನೀನು ಔಷಧಿ ಕೇಳ್ತಿದ್ದೀಯಲ್ಲಪ್ಪಾ!" ಎಂದು ನಕ್ಕುಬಿಟ್ಟ.

ಮಾರುಕಟ್ಟೆ ಹಿಂದಿನ ಡಾಕ್ಟರಮ್ಮ ನಗಲಿಲ್ಲ. 'ಸಂಗಾತಿ' ಎಂಬ ನನ್ನ ಮುದಿ ಇಲಿಯನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದರು. ಕಂಕುಳಲ್ಲಿ ಗಡ್ಡೆ. ಕೊಯ್ದು ತೆಗೆಯಬಹುದು, ಆದರೆ ಈ ವಯಸ್ಸಿನಲ್ಲಿ ಅರಿವಳಿಕೆ ಕೊಟ್ಟರೆ ಮತ್ತೆ ಏಳದೇ ಹೋಗಬಹುದು. ಇಲ್ಲವೇ ನೋವಿಗೆ ಮದ್ದು ಕೊಟ್ಟು, ಇರುವಷ್ಟು ದಿನ ನೆಮ್ಮದಿಯಾಗಿ ಇರಲು ಬಿಡಬೇಕು. ಪ್ರತಿ ಜೀವಕ್ಕೂ ಪೂರ್ಣ ಚಿಕಿತ್ಸೆಯ ಹಕ್ಕಿದೆ ಎಂದು ನಾನು ಶುರು ಮಾಡಿದೆ.

"ಭಾಷಣ ಆಮೇಲೆ ಕೇಳ್ತೀನಿ. ಮೊದ್ಲು ಇದ್ರ ಹಿಂಗಾಲಿಗೆ ಕೈ ಕೊಡು, ಜೋತಾಡ್ತಿದೆ."

ಮನೆಗೆ ಬಂದು ಹೇಳಿದರೆ ಅಕ್ಕ, "ನಿನ್ನ ಹೋರಾಟಕ್ಕೆ ಅದೇನು ಸದಸ್ಯತ್ವ ತಗೊಂಡಿದ್ಯಾ? ಅದಕ್ಕೇನು ಬೇಕು ಅಂತ ನೋಡೋ," ಎಂದಳು.

ನೋಡಿದೆ. ನಾನು ಹಂಚಬೇಕಿದ್ದ ಕರಪತ್ರಗಳನ್ನು ಹರಿದು ಸಂಗಾತಿ ಹಾಸಿಗೆ ಮಾಡಿಕೊಂಡಿದ್ದಾಳೆ. 'ಸಮಾನತೆ'ಯ ಅರ್ಧ ಅವಳ ಹೊಟ್ಟೆಯಡಿ ಇದೆ. ನನ್ನ ಬೆರಳಿಗೆ ಮೆತ್ತಿದ ಬಾಳೆಹಣ್ಣು ನೆಕ್ಕಿ, ಹಿಂಗಾಲು ಎಳೆಯುತ್ತ ಅಂಗಿಯ ತೋಳಿನೊಳಗೆ ಹತ್ತಿ, ಮೊಣಕೈ ಹತ್ತಿರ ಸುಸ್ತಾಗಿ ಮಲಗಿಬಿಟ್ಟಳು. ಅವಳ ಪುಟ್ಟ ಉಸಿರು ಬೆಚ್ಚಗೆ ತಾಗುತ್ತಿದೆ. ಎಡಗೈ ಅಲ್ಲಾಡಿಸದೆ ಬರೆಯುತ್ತಿದ್ದೇನೆ. ಆ ಪಶುವೈದ್ಯನ ಎದುರು ಗೆಲ್ಲಬೇಕಿದ್ದದ್ದು ನನಗೆ. ಇವಳಿಗೆ ಬೇಕಿರುವುದು ಈ ಬಿಸುಪು.

ಕೊಯ್ಯಿಸುವುದಿಲ್ಲ. ಇಷ್ಟು ಚಿಕ್ಕ ಬಾಯಿಗೆ ಮದ್ದು ಹನಿಸುವುದನ್ನು ಕಲಿಯಬೇಕು. ಅಕ್ಕನೂ ಬರುತ್ತಾಳಂತೆ. ಗುರುವಾರ ಸಂಜೆ ಐದು ಗಂಟೆಗೆ, ಡಾಕ್ಟರಮ್ಮನ ಹತ್ತಿರ.