ಕಂಬಳಿಯೊಳಗಿಟ್ಟ ಚೀಲ

ಅಕ್ಕೂರು, ಬುಧವಾರ

ನರ್ಸಮ್ಮ ರಾಧಾಮಣಿಯವರಿಗೆ ನಮಸ್ಕಾರ.

ನಮ್ಮ ಯಜಮಾನರ ಎದುರಿಗೆ ಹೇಳಲಾರೆ, ಅದಕ್ಕೇ ಬರೆದು ನಿಮ್ಮ ಕೈಗೆ ಕೊಡುತ್ತಿದ್ದೇನೆ. ಇವರಿಗೆ ಹಾಕಿದ ನಳಿಕೆಯ ಉಚ್ಚೆಯ ಚೀಲ ಮಂಚದಿಂದ ಕೆಳಗೇ ಇರಬೇಕು, ಇಲ್ಲದಿದ್ದರೆ ವಾಪಸ್ ಹರಿದು ನಂಜಾಗುತ್ತದೆ ಅಂದಿದ್ದಿರಿ. ರೇಷ್ಮೆ ಹುಳದ ಮನೆಗೆ ಹೋಗುವಾಗ ತೊಳೆಯುವ ಹಾಗೆ ಸೋಪಿನಲ್ಲಿ ಕೈ ತೊಳೆದೇ ಮುಟ್ಟುತ್ತಿದ್ದೆ. ಸೋಮವಾರ ಮಗಳು ಪುಟ್ಟಿಯನ್ನು ನೋಡಲು ಕನಕಪುರದಿಂದ ಗಂಡಿನವರು ಬಂದರು. "ಮುಚ್ಚೇ ಅದನ್ನ, ಮಾನ ಹೋಯ್ತದೆ" ಅಂದರು ನಮ್ಮ ಯಜಮಾನರು. ಚೀಲ ಎತ್ತಿ ಮಂಚದ ಮೇಲೆ ಇವರ ಮಗ್ಗುಲಲ್ಲೇ ಇಟ್ಟು ಕಂಬಳಿ ಹೊದಿಸಿದೆ. ಸಂಜೆವರೆಗೂ ಹಾಗೇ ಬಿಟ್ಟೆ. ನಿನ್ನೆಯಿಂದ ಇವರಿಗೆ ಚಳಿಜ್ವರ, ಉಚ್ಚೆ ಕದಡಿದೆ.

ದೇವಿ ಕಬ್ಬಾಳಮ್ಮನ ಮುಂದೆ ತಪ್ಪು ಒಪ್ಪಿಕೊಂಡಿದ್ದೇನೆ. ಡಾಕ್ಟರಿಗೆ ನೀವು ಹೇಳಿ.

ಸಂಬಂಧ ಕುದುರಿತು. ಧಾರೆ ಎರೆಯಲು ಇವರೇ ಬೇಕು, ಚೀಲ ಊರಿಗೆಲ್ಲ ಕಾಣಿಸಿದರೂ ಸರಿ.

ನಿಮ್ಮ ಮಾತು ಮೀರಿದ,
ಸಿದ್ದಮ್ಮ